ಪಾದರಕ್ಷೆ ರಫ್ತು ಮತ್ತು ಸಾಗಣೆಪೂರ್ವ ತಪಾಸಣೆ: ಗಡಿ ತಾಲ್ಲೂಕುಗಳ ಕುಶಲಕರ್ಮಿಗಳು ಅರಿಯಬೇಕಾದ ಅಂಶಗಳು

ಹಿನ್ನೆಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ಭಾಗದ ಚರ್ಮ ಕುಶಲಕರ್ಮಿಗಳು ತಲೆಮಾರುಗಳಿಂದ ತಯಾರಿಸುತ್ತಿರುವ ಪಾದರಕ್ಷೆಯು ‘ಕೊಲ್ಹಾಪುರಿ ಚಪ್ಪಲಿ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. 2019ರಲ್ಲಿ ಪ್ರಕಟವಾದ ಭೌಗೋಳಿಕ ಸೂಚಕ (ಜಿ.ಐ.) ಮಾನ್ಯತೆಯು ಮಹಾರಾಷ್ಟ್ರದ 4 ಜಿಲ್ಲೆಗಳೊಂದಿಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳಿಗೂ ಅನ್ವಯಿಸುತ್ತದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮೂಲವನ್ನು ತಿಳಿಸದೆ ಇದೇ ಮಾದರಿಯ ಪಾದರಕ್ಷೆಯನ್ನು ಮಿಲಾನ್‌ನಲ್ಲಿ ಪ್ರದರ್ಶಿಸಿದ್ದು ಆಕ್ಷೇಪಣೆಗೆ ಗುರಿಯಾಯಿತು. ತರುವಾಯ ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಮಾರು 2,000 ಜೋಡಿಗಳ ತಯಾರಿಕೆಗಾಗಿ ಸದರಿ ಸಂಸ್ಥೆಯು ಕರ್ನಾಟಕದ ಲಿಡ್ಕರ್ ಹಾಗೂ ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳೊಂದಿಗೆ ಒಡಂಬಡಿಕೆ ಮಾಡಿಕೊಂಡಿತು. ವಿದೇಶಿ ಬೇಡಿಕೆ ಹೆಚ್ಚಿದಂತೆ ಸರಕಿನ ತಪಾಸಣೆಯ ವಿಷಯವೂ ಮುಖ್ಯವಾಗುತ್ತದೆ.

ತಪಾಸಣೆಯ ವಿಧಾನ

ಮಾರುವವರಿಗೂ ಕೊಳ್ಳುವವರಿಗೂ ಸೇರದ ಸಂಸ್ಥೆಯೊಂದು ಸರಕು ಹಡಗನ್ನೇರುವ ಮೊದಲು ಸಂಖ್ಯೆ, ಅಳತೆ, ಗುಣಮಟ್ಟ ಮತ್ತು ಪ್ಯಾಕಿಂಗ್ ಪರಿಶೀಲಿಸಿ ಪ್ರಮಾಣಪತ್ರ ನೀಡುವುದೇ ತೃತೀಯ ಪಕ್ಷದ ಸಾಗಣೆಪೂರ್ವ ತಪಾಸಣೆ. ಸಾಲಪತ್ರದ (ಲೆಟರ್ ಆಫ್ ಕ್ರೆಡಿಟ್) ವ್ಯವಹಾರದಲ್ಲಿ ಬ್ಯಾಂಕು ಪರಿಶೀಲಿಸುವುದು ದಾಖಲೆಗಳನ್ನೇ ಹೊರತು ಸರಕನ್ನಲ್ಲ. ಸಾಲಪತ್ರದಲ್ಲಿ ತಪಾಸಣಾ ಪ್ರಮಾಣಪತ್ರವನ್ನು ಕೇಳಿದ್ದು, ಅದನ್ನು ಸಲ್ಲಿಸದಿದ್ದಲ್ಲಿ ಸರಕು ಎಷ್ಟೇ ಉತ್ತಮವಾಗಿದ್ದರೂ ಹಣ ಪಾವತಿ ನಿಲ್ಲಬಹುದು.

ಪ್ರಚಲಿತ ಮಾದರಿ ಕೋಷ್ಟಕದ (ಐ.ಎಸ್.ಓ. 2859-1) ಸಾಮಾನ್ಯ ಮಟ್ಟದಂತೆ 2,000 ಜೋಡಿಗಳ ಲಾಟಿನಿಂದ 125 ಜೋಡಿಗಳನ್ನು ಆಯ್ದು ಪರೀಕ್ಷಿಸಲಾಗುತ್ತದೆ. ದೋಷದ ಮಿತಿಯನ್ನು 2.5 ಎಂದು ನಿಗದಿಪಡಿಸಿದ್ದಲ್ಲಿ 7 ದೋಷಯುಕ್ತ ಜೋಡಿಗಳವರೆಗೆ ಲಾಟು ಅಂಗೀಕಾರವಾಗುತ್ತದೆ. 8 ಕಂಡುಬಂದರೆ ಇಡೀ ಲಾಟು ತಿರಸ್ಕೃತವಾಗುತ್ತದೆ. ಒಂದು ಲಾಟಿನಲ್ಲಿ ಹಲವು ಕುಟುಂಬಗಳ ದುಡಿಮೆ ಸೇರಿರುವುದರಿಂದ ಕೆಲವೇ ಜೋಡಿಗಳ ಲೋಪವು ಎಲ್ಲರ ಮೇಲೂ ಬೀಳುತ್ತದೆ.

ಕುಶಲಕರ್ಮಿಗಳಿಗೆ ಸಂಬಂಧಿಸಿದ ಅಂಶಗಳು

ಐರೋಪ್ಯ ಒಕ್ಕೂಟದಲ್ಲಿ 2015ರ ಮೇ 1ರಿಂದ, ಚರ್ಮಕ್ಕೆ ತಾಗುವ ತೊಗಲಿನ ವಸ್ತುಗಳಲ್ಲಿ ಆರು-ವೇಲೆನ್ಸಿಯ ಕ್ರೋಮಿಯಂ ಪ್ರಮಾಣವು ಕಿಲೋಗ್ರಾಂಗೆ 3 ಮಿಲಿಗ್ರಾಂ ತಲುಪುವಂತಿಲ್ಲ. ಜಾಲಿ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡುವ ಸಾಂಪ್ರದಾಯಿಕ ವಿಧಾನದಲ್ಲಿ ಕ್ರೋಮಿಯಂ ಬಳಕೆ ಇಲ್ಲದಿರುವುದು ಈ ಭಾಗಕ್ಕೆ ಅನುಕೂಲಕರ. ಆದರೆ ಮಾರುಕಟ್ಟೆಯಿಂದ ತಂದ ಕ್ರೋಮ್ ಹದದ ಪಟ್ಟಿಯನ್ನು ಬೆರೆಸಿದಲ್ಲಿ ಈ ಅನುಕೂಲ ಕೈತಪ್ಪುವ ಸಂಭವವಿದೆ. ಅಲ್ಲದೆ, ವಿಧಾನ ಸಾಂಪ್ರದಾಯಿಕವೆಂಬ ಹೇಳಿಕೆಯು ಪ್ರಯೋಗಾಲಯದ ವರದಿಗೆ ಬದಲಿಯಾಗದು.

ಕೈಯಿಂದ ಮಾಡಿದ ಎರಡು ಜೋಡಿಗಳ ಬಣ್ಣ, ಹೆಣಿಗೆಗಳಲ್ಲಿ ಅಲ್ಪ ವ್ಯತ್ಯಾಸ ಸಹಜ. ಅದು ದೋಷವೋ, ಕೈಕಸುಬಿನ ಲಕ್ಷಣವೋ ಎಂಬುದನ್ನು ತಪಾಸಕರು ತಾವಾಗಿ ನಿರ್ಧರಿಸುವುದಿಲ್ಲ. ಒಪ್ಪಂದದಲ್ಲಿ ಬರೆದಿರುವುದನ್ನೇ ಅನುಸರಿಸುತ್ತಾರೆ. ಆದ್ದರಿಂದ ಕುಶಲಕರ್ಮಿಯ ರಕ್ಷಣೆಯು ತಪಾಸಣೆಯ ದಿನದಂದಲ್ಲ, ಒಪ್ಪಂದಕ್ಕೆ ಸಹಿ ಹಾಕುವ ದಿನವೇ ನಿರ್ಧಾರವಾಗುತ್ತದೆ.

ಅರ್ಜಿದಾರರ ಗಮನಕ್ಕೆ

1. ಜಿ.ಐ. ಅಧಿಕೃತ ಬಳಕೆದಾರರಾಗಲು ಚೆನ್ನೈನ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು.

2. ಸ್ವತಃ ರಫ್ತು ಮಾಡುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಸಂಖ್ಯೆ (ಐ.ಇ.ಸಿ.) ಪಡೆಯತಕ್ಕದ್ದು.

3. ಉಭಯ ಪಕ್ಷಗಳು ಸಹಿ ಮಾಡಿದ ಮಾದರಿ ಜೋಡಿಯೊಂದನ್ನು ತಮ್ಮ ಬಳಿ ಇರಿಸಿಕೊಳ್ಳುವುದು.

4. ಒಪ್ಪಬಹುದಾದ ವ್ಯತ್ಯಾಸ, ಮೊದಲ ತಪಾಸಣೆ ಹಾಗೂ ಮರುತಪಾಸಣೆಯ ವೆಚ್ಚವನ್ನು ಭರಿಸುವವರು, ತಿರಸ್ಕೃತ ಸರಕಿನ ವಿಲೇವಾರಿ ಇವುಗಳನ್ನು ಒಪ್ಪಂದದಲ್ಲಿ ಲಿಖಿತವಾಗಿ ನಮೂದಿಸುವುದು.

5. ಚರ್ಮ ಖರೀದಿಯ ರಸೀದಿಗಳನ್ನು ಲಾಟುವಾರು ಕಾಯ್ದಿರಿಸುವುದು.