ತಂತಿಯನ್ನು ಕೀಳುವ ಮೊದಲು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆಯ ರೈತನೊಬ್ಬನ ಪಂಪ್‌ಸೆಟ್ಟು ಹಠಾತ್ತನೆ ನಿಂತರೆ ಆತನು ಹೊಸ ಕೊಳವೆಬಾವಿಯನ್ನು ಕೊರೆಯಿಸಲು ಹೊರಡುವುದಿಲ್ಲ. ಮೊದಲು ಸ್ಟಾರ್ಟರಿನ ಪೆಟ್ಟಿಗೆಯನ್ನು ತೆರೆದು ಫ್ಯೂಜನ್ನು ನೋಡುತ್ತಾನೆ. ಮೂರು ಫೇಜುಗಳಲ್ಲಿಯೂ ವಿದ್ಯುತ್ತು ಬರುತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ಕಾಲೇಜಿಗೆ ಹೋಗುವ ಆತನ ಮಗನಾದರೋ, ತನ್ನ ಆಟದ ಗಣಕಯಂತ್ರವು ಮುಷ್ಕರ ಹೂಡಿದೊಡನೆ ತಂತಿಯನ್ನು ಕಿತ್ತು, ಮೆಮೊರಿ ಕಾರ್ಡನ್ನು ಅಳಿಸಿ, ಎಲ್ಲವನ್ನೂ ಮೊದಲಿನಿಂದ ಬರೆಯುತ್ತಾನೆ. ಇದನ್ನು ದುರಸ್ತಿಯೆಂದು ಕರೆಯಲು ನಾನು ಒಪ್ಪಲಾರೆ.

ನಾನು ಹೇಳುತ್ತಿರುವುದು ರಾಸ್ಪ್‌ಬೆರಿ ಪೈ ಎಂಬ ಒಂದೇ ಫಲಕದ ಗಣಕವನ್ನು ಕುರಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಈ ಫಲಕದ ಮೂಲೋದ್ದೇಶ ವಿದ್ಯಾರ್ಥಿಗಳ ಕಲಿಕೆಯೇ ಆಗಿತ್ತು. ರೆಟ್ರೋಪೈ ಎಂಬ ತಂತ್ರಾಂಶವನ್ನು ಅಳವಡಿಸಿದರೆ 1980 ಮತ್ತು 1990ರ ದಶಕಗಳ ವಿಡಿಯೊ ಆಟಗಳನ್ನು ಇದರಲ್ಲಿ ಆಡಬಹುದು. ಆಟವನ್ನು ಆರಿಸಿದೊಡನೆ ರನ್‌ಕಮಾಂಡ್ ಎಂಬ ಸ್ಕ್ರಿಪ್ಟು, ಅಂದರೆ ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳ ಪಟ್ಟಿ, ಕೆಲಸಕ್ಕೆ ತೊಡಗುತ್ತದೆ. ಅದರ ಹಿಂದೆ ಮುಂದೆ ನಮ್ಮ ಸ್ವಂತ ಸ್ಕ್ರಿಪ್ಟುಗಳನ್ನೂ ಜೋಡಿಸಬಹುದು. ಬಹುಮಟ್ಟಿಗೆ ತೊಡಕು ಹುಟ್ಟುವುದು ಅಲ್ಲಿಯೇ. ಆಟದ ಸಾಮಾನೆಂದು ಹಿರಿಯರು ಮೂಗು ಮುರಿಯಬಹುದು. ನನ್ನ ದೃಷ್ಟಿಯಲ್ಲಿ ಅದೊಂದು ಅಗ್ಗದ ಪ್ರಯೋಗಶಾಲೆ.

ಒಂದು ದೋಷವನ್ನೇ ತೆಗೆದುಕೊಳ್ಳೋಣ. ವಿಂಡೋಸ್ ಗಣಕದಲ್ಲಿ ಬರೆದ ಸ್ಕ್ರಿಪ್ಟನ್ನು ಪೈಗೆ ಸಾಗಿಸಿ ನೇರವಾಗಿ ಚಲಾಯಿಸಿದರೆ, "ಅಂಥ ಕಡತವಿಲ್ಲ" ಎಂಬರ್ಥದ ಉತ್ತರ ಬರುವುದುಂಟು. ಕಡತವು ಕಣ್ಣೆದುರಿಗೇ ಇರುತ್ತದೆ! ಇದರ ಕಾರಣವನ್ನು ಬೆರಳಚ್ಚು ಯಂತ್ರದ ಕಾಲದಲ್ಲಿ ಹುಡುಕಬೇಕು. ಹೊಸ ಸಾಲಿಗೆ ಹೋಗಲು ಅಲ್ಲಿ ಎರಡು ಚಲನೆಗಳು ಬೇಕಾಗಿದ್ದವು: ಬಂಡಿಯನ್ನು ಆರಂಭಸ್ಥಾನಕ್ಕೆ ತಳ್ಳುವುದು, ಕಾಗದವನ್ನು ಮೇಲಕ್ಕೇರಿಸುವುದು. ದೂರಮುದ್ರಕಗಳು ಇವೆರಡಕ್ಕೂ ಪ್ರತ್ಯೇಕ ಸಂಕೇತಗಳನ್ನಿಟ್ಟವು. ವಿಂಡೋಸ್ ಸಾಲಿನ ಕೊನೆಯಲ್ಲಿ ಎರಡನ್ನೂ ಬರೆಯುತ್ತದೆ. ಪೈಯಲ್ಲಿರುವ ಲಿನಕ್ಸ್‌ಗೆ ಎರಡನೆಯದಷ್ಟೇ ಸಾಕು. ಸ್ಕ್ರಿಪ್ಟಿನ ಮೊದಲ ಸಾಲು, ಅದನ್ನು ಓದತಕ್ಕ ಬ್ಯಾಷ್ ಎಂಬ ಕಾರ್ಯಕ್ರಮದ ಹೆಸರನ್ನು ಹೇಳುತ್ತದೆ. ಆ ಹೆಸರಿಗೆ ಅಗೋಚರವಾದ ಅಕ್ಷರವೊಂದು ಬಾಲದಂತೆ ಅಂಟಿಕೊಂಡಿರುವುದರಿಂದ, ಯಂತ್ರವು ಬಾಲವುಳ್ಳ ಬ್ಯಾಷನ್ನು ಹುಡುಕಿ ಸಿಗಲಿಲ್ಲವೆನ್ನುತ್ತದೆ. ಯಂತ್ರ ನುಡಿದದ್ದು ಅಕ್ಷರಶಃ ಸತ್ಯ. ಕಾರ್ಡನ್ನು ಹತ್ತು ಸಲ ಬರೆದು ಅದೇ ಕಡತವನ್ನು ಮತ್ತೆ ಸಾಗಿಸಿದರೆ ಹತ್ತು ಸಲವೂ ಅದೇ ಉತ್ತರ ಬಂದೀತು.

ಇನ್ನುಳಿದವು ಸರಳ. ನಿರ್ಗಮನ ಸಂಖ್ಯೆ 126 ಎಂದಿದ್ದರೆ ಕಡತ ಸಿಕ್ಕಿದೆ, ಆದರೆ ಚಲಾಯಿಸಲಾಗಲಿಲ್ಲ, ಅನುಮತಿಯನ್ನು ನೋಡಬೇಕು. 127 ಎಂದಿದ್ದರೆ ಆಜ್ಞೆಯೇ ಸಿಗಲಿಲ್ಲ. ಹೆಸರನ್ನೂ ದಾರಿಯನ್ನೂ ನೋಡಬೇಕು.

ಇವೆಲ್ಲ ತಿಳಿಯುವುದು ದಾಖಲೆಯನ್ನು ಓದಿದರೆ ಮಾತ್ರ. ರನ್‌ಕಮಾಂಡ್ ತನ್ನ ದಿನಚರಿಯನ್ನು ಬರೆಯುವುದು ಕಾರ್ಡಿನ ಮೇಲಲ್ಲ, ತಾತ್ಕಾಲಿಕ ಸ್ಮೃತಿಯಲ್ಲಿ. ವಿದ್ಯುತ್ತು ಹೋದ ಕ್ಷಣವೇ ಅದು ಅಳಿದುಹೋಗುತ್ತದೆ. ತಂತಿಯನ್ನು ಕಿತ್ತವನು ಇದ್ದೊಂದು ಸಾಕ್ಷಿಯನ್ನು ತಾನೇ ನಾಶಮಾಡಿದಂತಾಯಿತು. ಕಾರ್ಡನ್ನು ಅಳಿಸಿದವನು ಅದರಲ್ಲಿ ಉಳಿಸಿಟ್ಟಿದ್ದ ಆಟಗಳನ್ನೂ ತಾನು ಬರೆದ ಸ್ಕ್ರಿಪ್ಟುಗಳನ್ನೂ ಕಳೆದುಕೊಳ್ಳುತ್ತಾನೆ.

ಕೆಲವು ಸಲ ಸ್ಕ್ರಿಪ್ಟು ನಿರಪರಾಧಿ. ಪೈ 3ರಂಥ ಫಲಕದಲ್ಲಿ ಪೂರೈಕೆಯು 4.63 ವೋಲ್ಟಿಗಿಂತ ಕೆಳಗಿಳಿದರೆ ತೆರೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ. ತಂತಿಯ ರೋಧ 0.2 ಓಮ್, ಪ್ರವಾಹ 2 ಆಂಪಿಯರ್ ಎಂದಿಟ್ಟುಕೊಳ್ಳಿ, 0.4 ವೋಲ್ಟ್ ತಂತಿಯಲ್ಲಿಯೇ ಖರ್ಚಾಗಿ, 5 ವೋಲ್ಟಿನಲ್ಲಿ 4.6 ಮಾತ್ರ ಫಲಕವನ್ನು ಮುಟ್ಟುತ್ತದೆ. ಆಗ ಸ್ಕ್ರಿಪ್ಟನ್ನು ತಿದ್ದುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ ಸರಿ. ಓಮನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗೆ ಈ ಲೆಕ್ಕ ಹೊಳೆಯದಿದ್ದರೆ, ತಪ್ಪು ಕಲಿಸುವ ಕ್ರಮದ್ದೆಂದು ನಾನು ಭಾವಿಸುತ್ತೇನೆ.

ನಮ್ಮ ಪ್ರಾಯೋಗಿಕ ಜರ್ನಲುಗಳಲ್ಲಿ ಸರಿಬಂದ ಉತ್ತರಗಳಿಗಷ್ಟೇ ಸ್ಥಳ. ಕೆಟ್ಟ ಪ್ರಯೋಗವನ್ನು ಹರಿದೆಸೆದು, ಪಕ್ಕದವನ ಅಂಕಿಗಳನ್ನು ಇಳಿಸಿಕೊಳ್ಳುವುದು ರೂಢಿಯಾಗಿದೆ. ಅದರ ಬದಲು ವಿದ್ಯಾರ್ಥಿಯು ತನ್ನ ಫಲಕವನ್ನು ಪ್ರಯೋಗಶಾಲೆಗೆ ತರಲಿ. ಯಂತ್ರ ನುಡಿದ ಮೊದಲ ದೋಷವಾಕ್ಯ, ತನ್ನ ಊಹೆ, ಬದಲಾಯಿಸಿದ ಒಂದೇ ಒಂದು ಅಂಶ, ಬಳಿಕ ಕಂಡ ಫಲ, ಇವಿಷ್ಟನ್ನು ಒಂದು ಪುಟದಲ್ಲಿ ಬರೆಯಲಿ. ಆಟವು ಕೊನೆಗೂ ತೆರೆಯದೆ ಹೋದರೂ ಆ ಪುಟಕ್ಕೆ ಅಂಕ ಸಲ್ಲಬೇಕು.