ಓವನ್ ತೋರಿಸುವ ಅಂಕಿ, ತಂತಿಯಲ್ಲಿರುವ ದೋಷ

ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿ ಎರೆಮಣ್ಣಿನ ಊರು. ಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ ಬೆಳೆಯುವ ಆ ಸೀಮೆಯ ಅಡುಗೆಮನೆಯೆಂದರೆ ಮೊದಲು ನೆನಪಾಗುವುದು ರೊಟ್ಟಿ ಬಡಿಯುವ ಸದ್ದು. ಇಂದು ಅಂಥ ಊರುಗಳಲ್ಲಿ ರೊಟ್ಟಿಯ ಹಂಚಿನ ಪಕ್ಕದಲ್ಲಿಯೇ ವಿದ್ಯುತ್ ಓವನ್ ಕುಳಿತಿರುವುದುಂಟು. ಸಂಘದ ಸಾಲದಲ್ಲಿ ಓವನ್ ಕೊಂಡು, ಬಿಸ್ಕತ್ತು, ಕೇಕು ಬೇಯಿಸಿ ಮಾರಿ ಕಂತು ಕಟ್ಟುವ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಸಂಜೆ ಏಳಕ್ಕೆ ಹಿಟ್ಟು ಕಲಸಿ ಒಳಗಿಟ್ಟು ಹತ್ತು ನಿಮಿಷವಾಗುವುದರೊಳಗೆ ಯಂತ್ರ ಕೂಗಿ ನಿಲ್ಲುತ್ತದೆ. ಗಾಜಿನ ಮೇಲೆ ಒಂದು ಅಕ್ಷರ, ಒಂದು ಅಂಕಿ ಮಿನುಗುತ್ತವೆ: ‘ಇ-3’. ಕೈಪಿಡಿಯ ಕೊನೆಯ ಪುಟದಲ್ಲಿ, ಅದೂ ಇಂಗ್ಲಿಷಿನಲ್ಲಿ, ಅದಕ್ಕೆ ಕೊಟ್ಟ ಅರ್ಥ ಇಷ್ಟೇ: ಸೇವಾ ಕೇಂದ್ರವನ್ನು ಸಂಪರ್ಕಿಸಿ.

ಘಟ್ಟದ ಓದುಗರಿಗೆ ಇದು ದೂರದ ಬಯಲುಸೀಮೆಯ ಕಥೆ ಎನಿಸಬಹುದು. ಆದರೆ ಧಾರವಾಡ ಜಿಲ್ಲೆಗೂ ಉತ್ತರ ಕನ್ನಡಕ್ಕೂ ವಿದ್ಯುತ್ ಹಂಚುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ಒಂದೇ ಕಂಪನಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿಯೂ ಇಂಡಕ್ಷನ್ ಒಲೆ, ಓವನ್ನುಗಳು ಬಂದು ಕುಳಿತಿವೆ. ಮಿನುಗುವ ಅಕ್ಷರದ ಮುಂದೆ ನಿಂತ ಗೃಹಿಣಿಗೆ ಗುಡ್ಡವೂ ಒಂದೇ, ಬಯಲೂ ಒಂದೇ.

ಈ ಅಕ್ಷರಗಳು ಏನು ಹೇಳುತ್ತವೆ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಘಂಟಿಲ್ಲ. ಒಂದು ಕಂಪನಿಯ ‘ಇ-3’ ಉಷ್ಣಾಂಶ ಅಳೆಯುವ ಸಂವೇದಕದ ದೋಷವಾದರೆ, ಇನ್ನೊಂದರಲ್ಲಿ ಅದೇ ‘ಇ-3’ ವೋಲ್ಟೇಜಿನ ದೂರು. ಒಂದೇ ಕಂಪನಿಯ ಎರಡು ಮಾದರಿಗಳಲ್ಲಿಯೂ ಅರ್ಥ ಬದಲಾಗುವುದುಂಟು. ಅರ್ಥ ತಿಳಿದ ಮೇಲೂ ಅದು ರೋಗಲಕ್ಷಣವೇ ಹೊರತು ರೋಗದ ಹೆಸರಲ್ಲ. ಅಡಿಕೆ ಮರದ ಎಲೆ ಹಳದಿಯಾದರೆ ಬೆಳೆಗಾರ ಒಡನೆಯೇ ಮರ ಕಡಿಯುವುದಿಲ್ಲ. ಬಸಿಗಾಲುವೆ ಕಟ್ಟಿ ಬೇರು ಕೊಳೆತಿದೆಯೇ, ಗೊಬ್ಬರ ಸಾಲದಾಗಿದೆಯೇ, ಹಳದಿ ಎಲೆ ರೋಗವೇ ಎಂದು ಒಂದೊಂದಾಗಿ ನೋಡುತ್ತಾನೆ. ಓವನ್ನಿನ ವಿಷಯದಲ್ಲಿ ಮಾತ್ರ ಸಂವೇದಕದ ಸಂಕೇತ ಕಂಡೊಡನೆ ‘ಬೋರ್ಡು ಹೋಗಿದೆ, ಬದಲಿಸಬೇಕು’ ಎಂಬ ತೀರ್ಪು ಬಂದುಬಿಡುತ್ತದೆ.

ಸಂವೇದಕವೆಂದರೆ ದೊಡ್ಡ ರಹಸ್ಯವಲ್ಲ. ಬಿಸಿ ಏರಿದಂತೆ ವಿದ್ಯುತ್ ರೋಧ ಬದಲಾಗುವ ಒಂದು ಸಣ್ಣ ಕಡ್ಡಿ ಅದು. ಓವನ್ನುಗಳಲ್ಲಿ ಬಳಸುವ ಪ್ಲಾಟಿನಂ ಸಂವೇದಕದ ಒಂದು ಬಗೆ 0 ಡಿಗ್ರಿಯಲ್ಲಿ 1000 ಓಮ್, 25 ಡಿಗ್ರಿಯಲ್ಲಿ ಸುಮಾರು 1100 ಓಮ್ ತೋರಿಸಬೇಕು. ತಂತಿ ತುಂಡಾಗಿದ್ದರೆ ಅಳತೆಯೇ ಸಿಗದು. ಎಷ್ಟೋ ವೇಳೆ ಕಡ್ಡಿಯೂ ಸರಿಯಿರುತ್ತದೆ, ಬೋರ್ಡೂ ಸರಿಯಿರುತ್ತದೆ. ಎರಡನ್ನೂ ಕೂಡಿಸುವ ಸಣ್ಣ ಕೊಂಡಿಯಲ್ಲಿ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದಿರುತ್ತದೆ, ಇಲ್ಲವೇ ಇರುವೆ ಗೂಡು ಕಟ್ಟಿರುತ್ತದೆ. ತಿಳಿದವರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಕೊಂಡಿ ಒರೆಸಿ ಕೂಡಿಸಿದರೆ ಕೆಲಸ ಮುಗಿಯಿತು. ಮೈಕ್ರೋವೇವ್ ಓವನ್ನಿಗೆ ಈ ಮಾತು ಸಲ್ಲದು. ಅದರೊಳಗಿನ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಅದರ ಹೊರಕವಚವನ್ನು ಮನೆಯಲ್ಲಿ ಯಾರೂ ಬಿಚ್ಚಕೂಡದು.

ಇನ್ನು ಯಂತ್ರದೊಳಗೆ ಹುಡುಕಿದರೂ ಸಿಗದ ದೋಷವೊಂದಿದೆ, ಹಳ್ಳಿಗಳ ಮಟ್ಟಿಗೆ ಅದೇ ಮುಖ್ಯವಾದುದು. ಬಿಸಿ ಮಾಡುವ ಸುರುಳಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 230 ವೋಲ್ಟಿಗೆ 2000 ವಾಟ್ ಕೊಡುವ ಓವನ್ 180 ವೋಲ್ಟಿನಲ್ಲಿ ಕೊಡುವುದು ಸುಮಾರು 1225 ವಾಟ್ ಮಾತ್ರ. ವೋಲ್ಟೇಜ್ ಐದನೆಯ ಒಂದು ಪಾಲು ಇಳಿದರೆ ಶಾಖ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕುಸಿಯಿತು. ನಿಗದಿತ ಹೊತ್ತಿನಲ್ಲಿ ಬಿಸಿ ಏರದಿದ್ದುದನ್ನು ಕಂಡ ಕೆಲವು ಓವನ್ನುಗಳು ಸಂವೇದಕ ಕೆಟ್ಟಿದೆಯೆಂದೋ ಸುರುಳಿ ಸುಟ್ಟಿದೆಯೆಂದೋ ಬಗೆದು ಸಂಕೇತ ತೋರಿಸಿ ನಿಲ್ಲುತ್ತವೆ. ಇಂಡಕ್ಷನ್ ಒಲೆಗಳಾದರೆ ವೋಲ್ಟೇಜ್ ಕಡಿಮೆಯೆಂದು ನೇರವಾಗಿಯೇ ಹೇಳುತ್ತವೆ, ಆದರೆ ಅದೂ ಸಂಕೇತದಲ್ಲಿಯೇ. ಸಂಜೆ ಏಳಕ್ಕೆ ಊರಿನ ದೀಪಗಳೆಲ್ಲ ಹತ್ತಿ, ಹಿಟ್ಟಿನ ಗಿರಣಿ ತಿರುಗುತ್ತಿರುವಾಗ ನಿಲ್ಲುವ ಓವನ್ ಬೆಳಗಿನ ಐದಕ್ಕೆ ಸರಾಗವಾಗಿ ಬೇಯಿಸಿದರೆ ದೋಷ ಎಲ್ಲಿದೆಯೆಂದು ಊಹಿಸಲು ಎಂಜಿನಿಯರ್ ಬೇಕಿಲ್ಲ. ಸೇವಾ ಕೇಂದ್ರದ ತಂತ್ರಜ್ಞ ಬರುವುದು ಹಗಲು ಹನ್ನೊಂದಕ್ಕೆ. ಆಗ ಯಂತ್ರ ಸರಿಯಾಗಿಯೇ ಇರುತ್ತದೆ, ಭೇಟಿಯ ಶುಲ್ಕ ಮಾತ್ರ ಉಳಿಯುತ್ತದೆ.

ಮನೆಗೆ ಬರುವ ವೋಲ್ಟೇಜ್ ನಿಗದಿಗಿಂತ ನೂರಕ್ಕೆ ಆರರಷ್ಟು ಮಾತ್ರ ಹೆಚ್ಚುಕಡಿಮೆಯಾಗಬಹುದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಗೆರೆ ಎಳೆದಿದ್ದವು. 230 ವೋಲ್ಟಿನ ಲೆಕ್ಕದಲ್ಲಿ ಅದು 216ರಿಂದ 244. ತಂತಿಯ ತುದಿಯ ಮನೆಗಳಲ್ಲಿ ಆ ಗೆರೆ ದಾಟಿದಾಗ ಪರಿಹಾರವೆಂದು ಮಾರಾಟವಾಗುವುದು ಸ್ಟೆಬಿಲೈಸರ್. ಸಾರ್ವಜನಿಕ ತಂತಿಯ ದೋಷಕ್ಕೆ ಖಾಸಗಿ ಜೇಬಿನ ದಂಡ! ಶರಾವತಿ, ಕಾಳಿ ಕಣಿವೆಗಳ ಕಾಡು, ತೋಟಗಳನ್ನು ಮುಳುಗಿಸಿ ತೆಗೆದ ವಿದ್ಯುತ್ತು ಅದೇ ಜಿಲ್ಲೆಗಳ ಅಡುಗೆಮನೆಗೆ ಬಡಕಲಾಗಿ ಬರುವುದು ಘಟ್ಟದವರಿಗೆ ಹೊಸ ಸಂಗತಿಯೇನೂ ಅಲ್ಲ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಒಲೆಯನ್ನು ಇಲ್ಲಿ ನೆನೆಯಬೇಕು. ಸಾಲಾಗಿ ಮೂರು ಪಾತ್ರೆ, ಕೆಳಗೆ ಕಬ್ಬಿಣದ ಜಾಳಿಗೆ, ಹಿಂದೆ ಹೊಗೆಕೊಳವೆ. ಅದೂ ಕೆಡುತ್ತಿತ್ತು. ಹೊಗೆ ಹಿಂದಕ್ಕೆ ನುಗ್ಗಿದರೆ ಕೊಳವೆಯಲ್ಲಿ ಮಸಿ ಕಟ್ಟಿದೆ, ಉರಿ ಕೊನೆಯ ಪಾತ್ರೆಗೆ ತಾಗದಿದ್ದರೆ ಜಾಳಿಗೆಯ ಕೆಳಗೆ ಬೂದಿ ತುಂಬಿದೆ ಎಂದು ಮನೆಯಾಕೆ ನೋಡಿಯೇ ಹೇಳುತ್ತಿದ್ದಳು. ಆ ಒಲೆಯ ದೋಷಸಂಕೇತ ಅವಳ ಕಣ್ಣಿಗೆ ಬರೆದದ್ದಾಗಿತ್ತು. ಹಾಗೆಂದು ಸೌದೆಯ ಹೊಗೆಗೆ ಮರಳಬೇಕೆಂದು ಯಾರೂ ಹೇಳಲಾರರು. ಅದು ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ಮಾಡಿದ ಹಾನಿ ಸಣ್ಣದಲ್ಲ. 1983ರಲ್ಲಿ ಆರಂಭವಾಗಿ 2002ರಲ್ಲಿ ಮುಗಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ, ಕಟ್ಟಿಕೊಟ್ಟ ಒಲೆಯನ್ನು ಮುಂದೆ ನೋಡಿಕೊಳ್ಳುವವರಿಲ್ಲದೆ ಎಡವಿದ್ದನ್ನೂ ಮರೆಯುವಂತಿಲ್ಲ. ಹಾಗಾಗಿ ಬೇಡಿಕೆ ಚಿಕ್ಕದು: ಹೊಸ ಯಂತ್ರ ತನ್ನ ನೋವನ್ನು ಬಳಸುವವರ ಭಾಷೆಯಲ್ಲಿ ಹೇಳಲಿ. ಸಂಕೇತಗಳ ಪೂರ್ಣ ಪಟ್ಟಿ ಕನ್ನಡದಲ್ಲಿ ಯಂತ್ರದ ಬೆನ್ನಿಗೆ ಅಂಟಿರಲಿ.

ಐದು ಅಶ್ವಶಕ್ತಿಯ ಸುಟ್ಟ ಮೋಟಾರಿಗೆ ಪುನಃ ತಂತಿ ಸುತ್ತಿ ಸಂಜೆಯೊಳಗೆ ನೀರೆತ್ತಿಸುವ ಕುಶಲಿಗರು ನಮ್ಮ ಪೇಟೆಗಳಲ್ಲಿ ಇದ್ದಾರೆ. ಅವರಿಗೆ ಮೋಟಾರು ಏನನ್ನೂ ಮುಚ್ಚಿಡುವುದಿಲ್ಲ. ಅದೇ ಕೈಗಳನ್ನು ಓವನ್ನಿನ ಎರಡಕ್ಷರ ತಡೆಯುತ್ತಿರುವುದು ಜಾಣ್ಮೆಯ ಕೊರತೆಯಿಂದಲ್ಲ, ಮಾಹಿತಿ ಬಚ್ಚಿಟ್ಟುದರಿಂದ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿದಾಗ ಕೃಷಿ ಉಪಕರಣಗಳ ಜೊತೆಗೆ ಗೃಹೋಪಯೋಗಿ ಯಂತ್ರಗಳನ್ನೂ ಹೆಸರಿಸಿತು, ಆ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವೂ ಬಂತು. ಫ್ರಾನ್ಸ್ ದೇಶ 2021ರಲ್ಲಿಯೇ ಬಟ್ಟೆ ತೊಳೆಯುವ ಯಂತ್ರ, ಮೊಬೈಲ್ ಮೊದಲಾದವು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತವೆ ಎಂಬುದಕ್ಕೆ ಹತ್ತಕ್ಕೆ ಇಷ್ಟು ಎಂಬ ಅಂಕವನ್ನು ಅಂಗಡಿಯಲ್ಲಿಯೇ ತೋರಿಸುವಂತೆ ಮಾಡಿತು. ನಮ್ಮಲ್ಲಿ 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಕೆಟ್ಟ ಯಂತ್ರದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಳ್ಳೆಯದೇ. ಆದರೆ ಕಿಲುಬು ಒರೆಸಿದ್ದರೆ ಇನ್ನಷ್ಟು ವರ್ಷ ಬಾಳುತ್ತಿದ್ದ ಓವನ್ ತ್ಯಾಜ್ಯವಾಗಬೇಕಾದರೂ ಏಕೆ?

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮಲ್ಟಿಮೀಟರ್ ಇರುತ್ತದೆ. ಅಧ್ಯಾಪಕರನ್ನೋ ಊರಿನ ಎಲೆಕ್ಟ್ರಿಷಿಯನ್ನರನ್ನೋ ಜೊತೆಗಿಟ್ಟುಕೊಂಡು ಒಂದು ವಾರ ಬೆಳಗ್ಗೆ ಐದು, ಮಧ್ಯಾಹ್ನ ಒಂದು, ಸಂಜೆ ಏಳಕ್ಕೆ ಕೆಲವು ಮನೆಗಳ ವೋಲ್ಟೇಜ್ ಅಳೆಯಬೇಕು. ಪ್ರತಿ ಸಲವೂ ಎರಡು ಅಳತೆ: ಓವನ್ ಆರಿಸಿದ್ದಾಗ ಒಂದು, ಉರಿಯುತ್ತಿರುವಾಗ ಇನ್ನೊಂದು. ಉರಿಯುವಾಗ ಮಾತ್ರ ತೀರ ಕುಸಿದರೆ ಮೊದಲು ಸಂಶಯಿಸಬೇಕಾದುದು ಮನೆಯ ವೈರಿಂಗು, ಸಡಿಲಾದ ಸಂದು, ಇಲ್ಲವೇ ಹದಿನಾರು ಆಂಪಿಯರಿನ ಸಾಕೆಟ್ಟಿರಬೇಕಾದಲ್ಲಿ ಹಾಕಿದ ಆರು ಆಂಪಿಯರಿನದನ್ನು. ಆರಿಸಿದ್ದಾಗಲೂ ಕಡಿಮೆಯಿದ್ದು ನೆರೆಮನೆಯಲ್ಲಿಯೂ ಹಾಗೆಯೇ ಇದ್ದರೆ ದೋಷ ತಂತಿಯಲ್ಲಿದೆ, ಇಲ್ಲವೇ ಟ್ರಾನ್ಸ್‌ಫಾರ್ಮರಿನಲ್ಲಿದೆ. ಆಗ ದಿನ, ಹೊತ್ತು, ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಯವರೆಲ್ಲ ಸಹಿ ಹಾಕಿ ಶಾಖಾ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. 1912ಕ್ಕೂ ಕರೆ ಮಾಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಅದೇ ಹಾಳೆಯ ನಕಲಿನ ಮೇಲೆ ಬರೆದಿಡಬೇಕು.