ಪೈಪು ಕೊಯ್ಯದ ಮೀಟರು, ಪೈಪು ಮುಟ್ಟದ ನಾನು

ಮಾರ್ಚ್ ಕೊನೆಯ ಹುಬ್ಬಳ್ಳಿ ಬಿಸಿಲು ಗೊತ್ತಲ್ಲ. ಅಂಥ ಒಂದು ಮಧ್ಯಾಹ್ನ ಎಸಿ ಆಫೀಸಿನಲ್ಲಿ ಕೂತು ಒಂದು ಇಮೇಲ್‌ಗೆ ಉತ್ತರ ಬರೆದೆ: 'ಮೀಟರ್ ಸರಿಯಾಗಿಯೇ ಇದೆ, ಬಿಲ್ಲಿನಲ್ಲಿ ತಪ್ಪಿಲ್ಲ.' ಎರಡು ತಿಂಗಳಾದ ಮೇಲೆ ಆ ಮಾತನ್ನು ವಾಪಸ್ ತಗೋಬೇಕಾಯ್ತು.

ವಿಷಯ ಇಷ್ಟು. ಊರಿನ ಒಂದು ದೊಡ್ಡ ಕಟ್ಟಡ. ಮೂರು ಮಹಡಿ ಆಸ್ಪತ್ರೆ, ಕೆಳಗೆ ಬಾಡಿಗೆಗೆ ಒಂದು ರಕ್ತಪರೀಕ್ಷೆ ಲ್ಯಾಬು. ಎಲ್ಲರಿಗೂ ಒಂದೇ ಕಡೆಯಿಂದ ತಂಪು. ಚಿಲ್ಲರ್ ಅನ್ನೋ ಯಂತ್ರ ನೀರನ್ನು ಸುಮಾರು 7 ಡಿಗ್ರಿಗೆ ತಂಪು ಮಾಡಿ ಪೈಪಿನಲ್ಲಿ ಕಳಿಸುತ್ತೆ. ಆ ನೀರು ಕೋಣೆಗಳ ಬಿಸಿ ಹೀರಿಕೊಂಡು 12 ಡಿಗ್ರಿ ಆಸುಪಾಸಿನಲ್ಲಿ ವಾಪಸ್ ಬರಬೇಕು. ಯಾರು ಎಷ್ಟು ತಂಪು ಬಳಸಿದರು ಅಂತ ತಿಳಿಯೋಕೆ ಎರಡೇ ಸಂಗತಿ ಸಾಕು: ಎಷ್ಟು ನೀರು ಹರೀತು, ಎಷ್ಟು ಡಿಗ್ರಿ ಬಿಸಿಯಾಗಿ ಬಂತು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.19 ಕಿಲೋಜೂಲ್. ಗುಣಿಸಿದರೆ ಆಯ್ತು.

ಲೆಕ್ಕ ಟನ್ನಿನಲ್ಲಿ ನಡೆಯುತ್ತೆ. ನಮ್ಮ ಮನೆಯ ಒಂದೂವರೆ ಟನ್ ಎಸಿಯ ಅದೇ ಟನ್ನು. ಅದು ಯಂತ್ರದ ತೂಕ ಅಲ್ಲ. 2000 ಪೌಂಡ್, ಅಂದರೆ 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತಾ ಕೊಡುವ ತಂಪು. ಸುಮಾರು 3.5 ಕಿಲೋವಾಟ್.

ಪೈಪು ಕೊಯ್ದು ಮೀಟರ್ ಕೂರಿಸಬೇಕೆಂದರೆ ನೀರು ನಿಲ್ಲಿಸಬೇಕು. ಆಪರೇಷನ್ ಥಿಯೇಟರ್ ಇರುವಲ್ಲಿ ಯಾರು ಒಪ್ಪುತ್ತಾರೆ? ಅದಕ್ಕೇ ಫೆಬ್ರವರಿಯಲ್ಲಿ ಪೈಪಿನ ಹೊರಗೆ ಪಟ್ಟಿ ಕಟ್ಟಿ ಕೂರಿಸುವ ಅಲ್ಟ್ರಾಸಾನಿಕ್ ಮೀಟರ್ ಬಂತು. ಇದರ ಕೆಲಸ ನನಗೆ ಈಗಲೂ ಸೋಜಿಗ. ಎರಡು ಸೆನ್ಸರ್. ಒಂದು ನೀರು ಹರಿಯುವ ದಿಕ್ಕಿಗೆ ಶಬ್ದ ಕಳಿಸುತ್ತೆ, ಇನ್ನೊಂದು ಎದುರು ದಿಕ್ಕಿಗೆ. ಹರಿವಿನ ಜೊತೆ ಹೋದದ್ದು ಚೂರು ಬೇಗ ಮುಟ್ಟುತ್ತೆ. ಆರಿಂಚಿನ ಪೈಪಿನಲ್ಲಿ ಈ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟರಿಂದಲೇ ನೀರಿನ ವೇಗ ಲೆಕ್ಕ ಹಾಕುತ್ತೆ.

ಆದರೆ ಅದಕ್ಕೆ ಮಡಿ ಜಾಸ್ತಿ. ಪೈಪು ತುಂಬಿ ಹರೀತಿರಬೇಕು. ಬೆಂಡು, ವಾಲ್ವು ದಾಟಿ ಪೈಪಿನ ವ್ಯಾಸದ ಹತ್ತು ಪಟ್ಟು ನೇರ ಜಾಗ ಬೇಕು. ಸೆನ್ಸರ್ ಪಕ್ಕಕ್ಕೆ ಕೂರಬೇಕು. ಮೇಲಿಟ್ಟರೆ ಗಾಳಿಗುಳ್ಳೆ, ಕೆಳಗಿಟ್ಟರೆ ಕೆಸರು. ಗಾಳಿ ಅಂದ್ಕೂಡ್ಲೆ ನಮ್ಮೂರಿನವರಿಗೆ ನಳದ ಮೀಟರ್ ನೆನಪಾಗುತ್ತೆ. ವಾರಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಮೊದಲು ಬರೋದು ಬುಸ್ ಅನ್ನೋ ಗಾಳಿ, ಮೀಟರ್ ಅದಕ್ಕೂ ತಿರುಗುತ್ತೆ! 2008ರಲ್ಲಿ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಶುರುವಾದಾಗ ಮೀಟರ್ ಬಗ್ಗೆ ನಮ್ಮ ಮನೇಲಿ ನಡೆದ ಜಗಳ ಇನ್ನೊಂದು ವಾರಕ್ಕಿರಲಿ.

ನನ್ನ ಕೆಲಸ ಇದ್ದದ್ದು ಡ್ಯಾಶ್‌ಬೋರ್ಡ್ ಮತ್ತು ಬಿಲ್ಲಿನ ಸಾಫ್ಟ್‌ವೇರ್. ಲ್ಯಾಬಿನ ಎಸಿ ಯಂತ್ರಗಳ ಒಟ್ಟು ಸಾಮರ್ಥ್ಯವೇ 15 ಟನ್. ಡ್ಯಾಶ್‌ಬೋರ್ಡ್ ಮಧ್ಯಾಹ್ನ 18 ತೋರಿಸ್ತಿತ್ತು. ಆಗಬಾರದ ಅಂಕಿ. ನಾನೇನು ಮಾಡಿದೆ? ಎರಡು ಸಾಲು ಕೋಡ್ ಬರೆದೆ: 15 ದಾಟಿದರೆ 15 ಅಂತ ಬರಕೋ. ಗ್ರಾಫ್ ಚೆಂದ ಆಯ್ತು. ಲ್ಯಾಬ್ ನಡೆಸುವ ಮೇಡಂ 'ಅದೇ ಮಷೀನು, ಅದೇ ಟೈಮು, ಬಿಲ್ ಯಾಕೆ ಹೆಚ್ಚು' ಅಂತ ಕೇಳಿದಾಗ ಆ ಚೆಂದದ ಗ್ರಾಫನ್ನೇ ಕಳಿಸಿದೆ.

ಅವರು ಬಿಡಲಿಲ್ಲ. ಮೇ ಕೊನೆಗೆ ನಾನೇ ಪ್ಲಾಂಟ್ ರೂಮಿಗೆ ಹೋದೆ. ಒಳಗೆ ಧಗೆ, ಕಿವಿ ಕೇಳದಷ್ಟು ಸದ್ದು. ಚಿಲ್ಲರ್ ನೋಡಿಕೊಳ್ಳುವವರನ್ನು ಎಲ್ಲರೂ ಕಾಕಾ ಅಂತಾರೆ.

"ಸರ, ಲ್ಯಾಪ್‌ಟಾಪ್ ಬಾಜೂಕ ಇಡ್ರಿ. ಇಲ್ಲಿ ಕೈ ಇಟ್ಟು ನೋಡ್ರಿ."

ಹೋಗುವ ಪೈಪಿನ ಮೇಲೆ ದಪ್ಪ ಇನ್ಸುಲೇಷನ್. ಬರುವ ಪೈಪಿನಲ್ಲಿ ತಾಪ ಅಳೆಯುವ ಸೆನ್ಸರ್ ಕೂರಿಸುವಾಗ ಅಂಗೈ ಅಗಲದಷ್ಟು ಇನ್ಸುಲೇಷನ್ ಕೊಯ್ದಿದ್ದರು, ಮತ್ತೆ ಮುಚ್ಚಿರಲಿಲ್ಲ. ಕೆಳಗಿನ ಬಣ್ಣವನ್ನೂ ಕೆರೆದಿರಲಿಲ್ಲ. ಸೆನ್ಸರ್ ಅರ್ಧ ನೀರಿನ ತಾಪ, ಅರ್ಧ ಕೋಣೆಯ ತಾಪ ಹೇಳ್ತಿತ್ತು.

"ನಾ ಆವತ್ತ ಹೇಳಿದ್ದೆ. ಯಾರ ಕೇಳ್ತಾರ್ರೀ?" ಅಂದರು ಕಾಕಾ.

ಬಣ್ಣ ಕೆರೆದು, ಪೇಸ್ಟ್ ಹಚ್ಚಿ, ಬಿಗಿದು, ಮುಚ್ಚಿದ್ವಿ. ಅದಕ್ಕೂ ಮೊದಲು ಎರಡೂ ಸೆನ್ಸರನ್ನು ಒಂದೇ ಪೈಪಿಗೆ ಕಟ್ಟಿ, ಒಂದೇ ಅಂಕಿ ತೋರಿಸುತ್ತವಾ ಅಂತ ನೋಡಿದ್ವಿ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು, ಫೆಬ್ರವರಿಯಲ್ಲಿ ಯಾರೂ ಮಾಡಿರಲಿಲ್ಲ. 4.5 ಡಿಗ್ರಿ ಅಂತಿದ್ದ ವ್ಯತ್ಯಾಸ 3ಕ್ಕೆ ಇಳೀತು, 18 ಟನ್ 12 ಆಯ್ತು. ಹರಿವಿನ ಮೀಟರಿನದ್ದು ಏನೂ ತಪ್ಪಿರಲಿಲ್ಲ. ನೀರಿನಲ್ಲಿ ಶಬ್ದದ ವೇಗ ಎಷ್ಟು ಅಂತ ಅದೇ ತೋರಿಸುತ್ತೆ. 1440 ಮೀಟರ್ ಆಸುಪಾಸು ಇತ್ತು, 8 ಡಿಗ್ರಿ ನೀರಿಗೆ ಅದು ಸರಿ. ದುಬಾರಿ ಮೀಟರನ್ನೇ ಎಲ್ಲರೂ ಅನುಮಾನಿಸ್ತಾರೆ. ಹಾಳು ಮಾಡಿದ್ದು ಒಂದೂವರೆ ಡಿಗ್ರಿ. ವ್ಯತ್ಯಾಸವೇ ಮೂರು ಡಿಗ್ರಿ ಇರುವಲ್ಲಿ ಅದು ಅರ್ಧದಷ್ಟು ತಪ್ಪು.

ಇದರಲ್ಲಿ ಇನ್ನೊಂದು ಸತ್ಯವೂ ಹೊರಬಿತ್ತು. ನೀರು 5 ಡಿಗ್ರಿ ಬಿಸಿಯಾಗಿ ಬರಬೇಕಿತ್ತು, ಬರ್ತಿರೋದು 3. ಅಂದರೆ ಬೇಕಿದ್ದಕ್ಕಿಂತ ಹೆಚ್ಚು ನೀರನ್ನು ಪಂಪು ಸುಮ್ಮನೆ ಸುತ್ತಿಸ್ತಿದೆ, ಅದರ ಕರೆಂಟು ದಂಡ. ಹೈದರಾಬಾದಿನ ಪೋಚಾರಂನಲ್ಲಿ ಇನ್ಫೋಸಿಸ್ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಚಪ್ಪಡಿಯೊಳಗೆ ತಣ್ಣೀರಿನ ಪೈಪು ಹಾಕಿ ಅಳೆದು ನೋಡಿತ್ತು. ಎರಡನೆಯದಕ್ಕೆ ಸುಮಾರು ಮೂರನೇ ಒಂದು ಪಾಲು ಕಡಿಮೆ ವಿದ್ಯುತ್ತು. ಅಲ್ಲೂ ಯಾರಾದರೂ 'ಹೆಚ್ಚಾದರೆ ಇಷ್ಟೇ ಬರಕೋ' ಅಂತ ಕೋಡ್ ಬರೆದಿದ್ದರೆ?

ಬಿಲ್ ತಿದ್ದೋಕೆ ಕೂತಾಗ ನನ್ನ ಎರಡು ಸಾಲಿನ ಪೂರ್ತಿ ಬೆಲೆ ಗೊತ್ತಾಯ್ತು. 15 ಅಂತ ಬರೆದ ಕಡೆ ಮೂಲ ಅಂಕಿಯೇ ಉಳಿದಿರಲಿಲ್ಲ. ಜೂನ್ ಲೆಕ್ಕವನ್ನೇ ಹಿಂದಿನ ಮೂರು ತಿಂಗಳಿಗೂ ಹಿಡಿಯೋಣ ಅಂದೆ. ಮಳೆಗಾಲದಲ್ಲಿ ತಂಪು ಕಡಿಮೆ ಬೇಕು, ಅದು ಹೆಂಗೆ ಸರಿ ಅಂತ ಮಾಲೀಕರು ತಕರಾರು ತೆಗೆದರು. ಅವರದ್ದೂ ನ್ಯಾಯವೇ. ಕೊನೆಗೆ ಬಿಲ್ಲಿನ ಕಾಲು ಭಾಗ ವಾಪಸ್ ಅಂತ ರಾಜಿ. ಮೇಡಂಗೆ ಫೋನ್ ಮಾಡಿ, ತಪ್ಪು ನನ್ನದು, ಮುಚ್ಚಿಟ್ಟಿದ್ದೂ ನನ್ನ ಕೋಡೇ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಇಮೇಲ್‌ನಾಗ ಬರದ ಕೊಡ್ರಿ" ಅಂದರು. ಬರೆದು ಕೊಟ್ಟೆ.

ಆ ಎರಡು ಸಾಲು ತೆಗೆದಾಗಿದೆ. ಈಗ ಆಗಬಾರದ ಅಂಕಿ ಬಂದರೆ ಡ್ಯಾಶ್‌ಬೋರ್ಡ್ ಕೆಂಪಾಗುತ್ತೆ, ಕಾಕಾನ ಮೊಬೈಲಿಗೆ ಮೆಸೇಜು ಹೋಗುತ್ತೆ. ಮುಂದಿನ ಶನಿವಾರ ಲಾಂಡ್ರಿಯ ಬಿಸಿನೀರಿನ ಲೈನಿಗೆ ಮೀಟರ್ ಕೂರಿಸೋದಿದೆ. "ಅಲ್ಲಿ ಮಾತ್ರ ಕೈ ಇಟ್ಟು ನೋಡಬ್ಯಾಡ್ರಿ ಸರ" ಅಂತ ಕಾಕಾ ಮೊದಲೇ ಹೇಳಿದ್ದಾರೆ.